ಹಿಂಜವಡಿ ಜಾಮ್‌ನಲ್ಲಿ ಕಲಿತ ಇತಿಹಾಸ: ಒಬ್ಬ ಕ್ಯಾಬ್ ಡ್ರೈವರ್ ಕಂಡ ಪುಣೆ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯ ಸರಿ ಮಾಡಿದ್ದೇವೆ. ಧಾಟಿ ಅವರದ್ದೇ.)



ಮೊದಲೇ ಒಂದು ಹೇಳಿಬಿಡ್ತೀನಿ. ನಾನು ಇತಿಹಾಸ ಓದಿದವನಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು. ಪುಣೆಯಲ್ಲಿ ಹದಿನಾಲ್ಕು ವರ್ಷದಿಂದ ಟ್ಯಾಕ್ಸಿ ಓಡಿಸ್ತಿದ್ದೀನಿ. ನಿಮ್ಮಲ್ಲಿ ಹತ್ತಿಪ್ಪತ್ತು ಜನರನ್ನಾದ್ರೂ ವಾಕಡ್‌ನಿಂದ ಹಿಂಜವಡಿ ಫೇಸ್ ಮೂರಕ್ಕೆ ಬಿಟ್ಟಿರ್ತೀನಿ. ಮುಖ ನೆನಪಿರಲ್ಲ, ಯಾಕಂದ್ರೆ ನಾನು ನೋಡೋದು ಕನ್ನಡಿಯಲ್ಲಿ ನಿಮ್ಮ ಹಣೆ ಮಾತ್ರ. ಉಳಿದದ್ದೆಲ್ಲ ಲ್ಯಾಪ್‌ಟಾಪ್ ಹಿಂದೆ ಇರುತ್ತೆ. (ನಗು)

ಊರು ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕು, ಮಳಖೇಡದ ಹತ್ತಿರ ಒಂದು ಹಳ್ಳಿ. ನಮ್ಮ ಕಡೆಯವರು ಪುಣೆಗೆ ಬರೋದು ಹೊಸದೇನಲ್ಲ. ಮಳೆ ಕೈ ಕೊಟ್ಟ ವರ್ಷ ಮಳಖೇಡ ರೋಡ್ ಸ್ಟೇಷನ್ನಿಂದ ವಾಡಿ, ವಾಡಿಯಿಂದ ಜನರಲ್ ಬೋಗಿಯಲ್ಲಿ ಸೊಲ್ಲಾಪುರ, ದೌಂಡ್, ಪುಣೆ. ಅಪ್ಪ ಅವ್ವ ಹಂಗೇ ಬಂದವರು. ಹಿಂಜವಡಿಯಲ್ಲಿ ಐಟಿ ಪಾರ್ಕಿನ ಕಟ್ಟಡ ಏಳ್ತಿದ್ದ ಕಾಲದಲ್ಲಿ ಅಪ್ಪ ಸೆಂಟ್ರಿಂಗ್ ಕೆಲಸ, ಅವ್ವ ಬುಟ್ಟಿ ಹೊರೋ ಕೆಲಸ. ಯಾವ ಕಟ್ಟಡ ಅಂತ ಕೇಳಬೇಡ್ರಿ, ಅವ್ವನಿಗೆ ಕಂಪನಿ ಹೆಸರು ಗೊತ್ತಿಲ್ಲ. "ಗಾಜಿಂದು" ಅಂತಾಳೆ. ಅಲ್ಲಿರೋದೆಲ್ಲಾ ಗಾಜಿಂದೇ.

ಅಂದ್ರೆ ಕನ್ನಡದವರು ಈ ಊರಿಗೆ ಎರಡು ಬಾಗಿಲಿಂದ ಬರ್ತಾರೆ. ಒಂದು ಬಾಗಿಲು ನಿಮ್ಮದು, ಆಫರ್ ಲೆಟರ್ ಹಿಡ್ಕೊಂಡು ಬರೋದು. ಇನ್ನೊಂದು ನಮ್ಮದು. ನನ್ನ ಗಾಡಿಯಲ್ಲಿ ಇಬ್ಬರೂ ಒಂದೇ ಕಡೆ ಸಿಗ್ತೀವಿ, ಅಷ್ಟೇ.

ಇತಿಹಾಸದ ಹುಚ್ಚು ಹಿಡಿದದ್ದು ಜಾಮ್‌ನಿಂದ. ಮೈಸೂರಿನ ಒಬ್ಬ ಮೇಡಂ, ಮಳೆಗಾಲ, ಭೂಮಕರ್ ಚೌಕದಲ್ಲಿ ಐವತ್ತು ನಿಮಿಷ ನಿಂತಿದ್ವಿ. ಫೋನ್ ಬ್ಯಾಟರಿ ಖಾಲಿ ಆಗಿತ್ತು ಅಂತ ಕಾಣುತ್ತೆ, ನನ್ನ ಜೊತೆ ಮಾತಾಡೋಕೆ ಶುರು ಮಾಡಿದ್ರು. "ಅಣ್ಣಾ, ಈ ಊರಲ್ಲಿ ನಮ್ಮದು ಅನ್ನೋ ಹಂಗೆ ಏನಾದ್ರೂ ಇದೆಯಾ? ಮೂರು ವರ್ಷ ಆಯ್ತು, ಆಫೀಸು, ರೂಮು, ಮಾಲು. ಊರು ಅಂತ ಅನ್ನಿಸಲ್ಲ" ಅಂದ್ರು. ಶನಿವಾರ ವಾಡಾ, ದಗಡೂಶೇಟ್ ಗಣಪತಿ, ಸಿಂಹಗಡ ಅಂತ ಎಲ್ಲರಿಗೂ ಹೇಳೋ ಮೂರು ಹೆಸರು ಹೇಳಿದೆ. ಅವರು ಕೇಳಿದ್ದು ಅದಲ್ಲ ಅಂತ ನನಗೂ ಗೊತ್ತಿತ್ತು.

ಅವತ್ತಿಂದ ಒಂದು ನೂರು ಪುಟದ ನೋಟ್‌ಬುಕ್ಕು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟೆ. ಈಗ ಏಳನೆಯದು ನಡೀತಿದೆ. ನಿಯಮ ಒಂದೇ: ಜಾಗ ಕಣ್ಣಿಂದ ನೋಡಿರಬೇಕು, ಆಮೇಲೆ ಅಲ್ಲಿಯ ಬೋರ್ಡು ಇಲ್ಲಾ ಒಂದು ಪುಸ್ತಕ ಅದನ್ನ ಹೇಳಿರಬೇಕು. ಜನ ಹೇಳಿದ್ದು ಮಾತ್ರ ಆದ್ರೆ ಪಕ್ಕದಲ್ಲಿ 'ಕಥೆ' ಅಂತ ಬರೀತೀನಿ. ಈ ಮಾತಿನಲ್ಲೂ ಕಥೆ ಬಂದ ಕಡೆ ಕಥೆ ಅಂತಾನೇ ಹೇಳ್ತೀನಿ. ಡ್ರೈವರ್‌ಗೆ ಕಾಯೋ ಸಮಯ ಬಹಳ ಇರುತ್ತೆ. ಮರಾಠಿ ಓದೋದನ್ನ ಅಂಗಡಿ ಬೋರ್ಡಿಂದ ಕಲಿತೆ, ಹಳೇ ಓಣಿಗಳ ಹೆಸರನ್ನ ಹಳೇ ರಿಕ್ಷಾ ಕಾಕಾಗಳಿಂದ. ಅವರಿಗೆ ನ್ಯಾವಿಗೇಷನ್ ಬೇಕಿಲ್ಲ. "ಜಿಲಬ್ಯಾ ಮಾರುತಿ ದಾಟಿ ಎಡಕ್ಕೆ" ಅಂದ್ರೆ ಮುಗೀತು.

ಹೆಸರು ಬಂತಲ್ಲ, ಅದನ್ನೇ ಮೊದಲು ಹೇಳ್ತೀನಿ. ಪುಣೆ ಪೇಠೆಗಳಲ್ಲಿ ದೇವರಿಗೂ ಅಡ್ಡಹೆಸರು ಇದೆ ರೀ. ಜಿಲಬ್ಯಾ ಮಾರುತಿ, ಯಾಕಂದ್ರೆ ಪಕ್ಕದ ಮಿಠಾಯಿಯವ ಜಿಲೇಬಿ ಹಾರ ಹಾಕ್ತಿದ್ದ. ಪಾಸೋಡ್ಯಾ ವಿಠೋಬಾ, ಅಲ್ಲಿ ಪಾಸೋಡಿ ಅಂದ್ರೆ ದಪ್ಪ ಹೊದಿಕೆ ಮಾರ್ತಿದ್ರು. ಡುಲ್ಯಾ ಮಾರುತಿ, ಪಾಣಿಪತ್ ಸೋಲಿನ ಹೊತ್ತಿಗೆ ಮೂರ್ತಿ ತೂಗಾಡಿತು ಅಂತಾರೆ, ಇದು ಕಥೆ. ಖುನ್ಯಾ ಮುರಲೀಧರ ಅಂತ ಇನ್ನೊಂದು, ಹೆಸರು ಕೇಳಿದ್ರೇ ಅಲ್ಲೊಂದು ರಕ್ತಪಾತ ಆಗಿರಬೇಕು ಅಂತ ತಿಳಿಯುತ್ತೆ. ಕೊಲೆಗಡುಕನ ಹೆಸರು ಹೊತ್ತ ಕೃಷ್ಣ ಬೇರೆ ಎಲ್ಲಿ ಸಿಗ್ತಾನೆ ಹೇಳ್ರಿ. ನಮ್ಮ ಊರಲ್ಲಿ ಮನುಷ್ಯರಿಗೆ ಅಡ್ಡಹೆಸರು ಇಡ್ತೀವಿ, ಇವರು ದೇವರನ್ನೂ ಬಿಟ್ಟಿಲ್ಲ.

ಪೇಠೆಗಳದ್ದು ನಿಮಗೆ ಗೊತ್ತು, ವಾರದ ಏಳೂ ದಿನದ ಹೆಸರಲ್ಲೂ ಒಂದೊಂದು ಪೇಠೆ ಇದೆ. ಎಲ್ಲಕ್ಕಿಂತ ಹಳೇದು ಕಸಬಾ. ಪರ್ವತಿ ಬೆಟ್ಟಕ್ಕೆ 103 ಮೆಟ್ಟಿಲು, ಎಣಿಸಿದ್ದೀನಿ. ಸಾರಸಬಾಗ್ ಗಣಪತಿಗೆ ಹಳಬರು 'ತಳ್ಯಾತಲಾ ಗಣಪತಿ' ಅಂತಾರೆ, ಕೆರೆಯೊಳಗಿನ ಗಣಪತಿ, ಯಾಕಂದ್ರೆ ಆ ತೋಟ ಮೊದಲು ಕೆರೆ. ಶನಿವಾರ ವಾಡಾದ ಕೆಲಸ ಶುರುವಾದದ್ದು 1730ರ ಜನವರಿಯಲ್ಲಿ, ಖರ್ಚು 16,110 ರೂಪಾಯಿ ಅಂತ ಲೆಕ್ಕ ಇದೆ. ಈಗ ಆ ದುಡ್ಡಿಗೆ ನಿಮ್ಮ ಸೊಸೈಟಿಯಲ್ಲಿ ಒಂದು ಕೋಣೆಯ ಬಾಡಿಗೆ ಬರಬಹುದು. 1828ರ ಬೆಂಕಿಯಲ್ಲಿ ಒಳಗಿನದ್ದೆಲ್ಲಾ ಸುಟ್ಟು ಗೋಡೆ, ಬಾಗಿಲು, ಅಡಿಪಾಯ ಉಳಿದವು. ಬಾಗಿಲಿನ ಮೊಳೆ ನೋಡ್ರಿ, ಆನೆ ಹಣೆ ಕೊಟ್ಟು ದೂಡಬಾರದು ಅಂತ ಆ ಎತ್ತರಕ್ಕೇ ಹೊಡೆದಿದ್ದಾರೆ. ಆ ಅರಮನೆಗೆ ನೀರು ಬರ್ತಿದ್ದದ್ದು ಕಾತ್ರಜ್ ಕೆರೆಯಿಂದ, ನೆಲದೊಳಗೆ ಕಟ್ಟಿದ ಕಾಲುವೆಯಲ್ಲಿ, ಪಂಪು ಇಲ್ಲ, ಇಳಿಜಾರು ಮಾತ್ರ. ನಾನಾಸಾಹೇಬ ಪೇಶ್ವೆ ಕಾಲದ್ದು, 1750ರ ಸುಮಾರಿಗೆ. ಬೇಸಿಗೆಯಲ್ಲಿ ನಿಮ್ಮ ಸೊಸೈಟಿಗೆ ಟ್ಯಾಂಕರ್ ಬರುವಾಗ ಇದನ್ನ ನೆನಪು ಮಾಡ್ಕೊಳ್ರಿ, ಸಿಟ್ಟು ಇನ್ನೂ ಜಾಸ್ತಿ ಆಗುತ್ತೆ.

ಈಗ ಆ ಮೇಡಂ ಕೇಳಿದ ಪ್ರಶ್ನೆಗೆ ಬರ್ತೀನಿ.

ಜಂಗಲೀ ಮಹಾರಾಜ್ ರೋಡು, ಜೆ.ಎಂ. ರೋಡು. ಡ್ರೈವರ್‌ಗಳಿಗೆ ಆ ರೋಡು ಅಂದ್ರೆ ಪ್ರೀತಿ. 1970ರ ದಶಕದಲ್ಲಿ ಹಾಕಿದ್ದು, ಹತ್ತು ವರ್ಷ ಗುಂಡಿ ಬೀಳಲ್ಲ ಅಂತ ಗುತ್ತಿಗೆದಾರರು ಬರೆದು ಕೊಟ್ಟಿದ್ರು ಅಂತ ಊರೆಲ್ಲಾ ಹೇಳುತ್ತೆ, ಹತ್ತಲ್ಲ ಎಷ್ಟೋ ಹತ್ತು ವರ್ಷ ಬಾಳಿತು. ಆ ರೋಡಿನ ಪಕ್ಕದಲ್ಲೇ, ಅಂಗಡಿ ಹೋಟೆಲುಗಳ ನಡುವೆ, ನೆಲದ ಮಟ್ಟಕ್ಕಿಂತ ಕೆಳಗೆ ಒಂದು ಗುಹಾಲಯ ಇದೆ, ಪಾತಾಳೇಶ್ವರ. ಎಷ್ಟು ಸಲ ಅದರ ಮುಂದೆ ಗಾಡಿ ನಿಲ್ಲಿಸಿ ಪ್ಯಾಸೆಂಜರ್‌ಗೆ ಕಾದಿದ್ದೀನೋ! ಒಂದು ದಿನ ಒಳಗೆ ಇಳಿದೆ.

ಒಂದೇ ಕರಿಕಲ್ಲಿನ ಬಂಡೆಯನ್ನ ಮೇಲಿಂದ ಕೆಳಗೆ ಕೊರೆದು ಅಂಗಳ ಮಾಡಿದ್ದಾರೆ. ಅಂಗಳದ ನಡುವೆ ದುಂಡಗಿನ ನಂದಿ ಮಂಟಪ, ಕೊಡೆ ಬಿಡಿಸಿ ಇಟ್ಟ ಹಂಗೆ. ಹಿಂದೆ ಕಂಬಗಳ ಸಾಲು, ಗರ್ಭಗುಡಿಯಲ್ಲಿ ಲಿಂಗ. ಕೆಲಸ ಪೂರ್ತಿ ಆಗಿಲ್ಲ, ಎಷ್ಟೋ ಕಡೆ ಕಲ್ಲು ಒರಟಾಗೇ ಉಳಿದಿದೆ. ಬೋರ್ಡು ಓದಿದೆ. ಎಂಟನೇ ಶತಮಾನ, ರಾಷ್ಟ್ರಕೂಟರ ಕಾಲ.

ಮಳಖೇಡದ ಪಕ್ಕದ ಹುಡುಗನಿಗೆ ರಾಷ್ಟ್ರಕೂಟ ಅನ್ನೋ ಪದ ಮರಾಠಿ ಅಕ್ಷರದಲ್ಲಿ ಪುಣೆ ನಡುಮಧ್ಯ ಕಂಡ್ರೆ ಹೆಂಗಾಗಬೇಡ! ನಮ್ಮೂರ ಕೋಟೆಯ ಮೇಲೆ ಎಮ್ಮೆ ಮೇಯಿಸ್ತಾ ಬೆಳೆದವನು ನಾನು. ಕಾಗಿಣಾ ದಂಡೆಯ ಆ ಕೋಟೆಯೇ ಮಾನ್ಯಖೇಟ. ಆಮೇಲೆ ಪುಸ್ತಕ ಹುಡುಕಿದೆ. ಪುಣೆಯ ಹೆಸರು ಮೊಟ್ಟಮೊದಲು ಸಿಗೋದೇ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ರೀ. ಕ್ರಿ.ಶ. 758ರದ್ದು ಒಂದು, 768ರದ್ದು ಇನ್ನೊಂದು. 'ಪುಣ್ಯ ವಿಷಯ', 'ಪುನಕ ವಿಷಯ' ಅಂತ ಬರುತ್ತೆ. ವಿಷಯ ಅಂದ್ರೆ ಆಗಿನ ಜಿಲ್ಲೆ. ಆಗ ಆಳ್ತಿದ್ದವನು ಒಂದನೇ ಕೃಷ್ಣ, ಎಲ್ಲೋರಾದ ಕೈಲಾಸ ಕೊರೆಸಿದವನು.

ಒಂದು ವಿಷಯ ಸರಿಯಾಗಿ ಹೇಳಬೇಕು, ಇಲ್ಲಾಂದ್ರೆ ಅಭಿಮಾನ ಉಕ್ಕಿ ಏನೇನೋ ಹೇಳ್ತೀವಿ. ಮಳಖೇಡ ರಾಜಧಾನಿ ಅಂತ ಗಟ್ಟಿಯಾಗಿದ್ದು ಅಮೋಘವರ್ಷ ನೃಪತುಂಗನ ಕಾಲಕ್ಕೆ, ಅವನು ಪಟ್ಟಕ್ಕೆ ಬಂದದ್ದು 814ರಲ್ಲಿ. ಹಂಗಾಗಿ "ಮಳಖೇಡದಿಂದ ಬಂದು ಪಾತಾಳೇಶ್ವರ ಕೊರೆದರು" ಅಂತ ನಾನು ಹೇಳಲ್ಲ. ಮನೆತನ ಅದೇ, ಕಾಲ ಮೊದಲು. ಇಷ್ಟೇ ಸಾಕು ನನಗೆ.

ಅವ್ವನನ್ನ ಕರ್ಕೊಂಡು ಹೋದೆ. ಶ್ರಾವಣ ಸೋಮವಾರ, ಜನ ಇತ್ತು. ಒಂದು ಮೂಲೆಯಲ್ಲಿ ಕೂರಿಸಿ ಎಲ್ಲಾ ಹೇಳಿದೆ, ಇದು ನಮ್ಮ ಕಡಿ ರಾಜರದ್ದು ನೋಡವ್ವ, ಸಾವಿರದ ಇನ್ನೂರು ವರ್ಷಕ್ಕಿಂತ ಹಳೇದು. ಅವಳು ಹೂಂಗುಟ್ಟಿದಳು. ಕಂಬ ಮುಟ್ಟಿ ನೋಡಿದಳು. "ನಮ್ಮ ಫರಸಿ ಕಲ್ಲಲ್ಲ ಇದು, ಕರಿಕಲ್ಲು. ಸುತ್ತಿಗಿ ಕೈಯಾಗ ಕುಣೀತದ" ಅಂದಳು. ಆಮೇಲೆ ಅಂಗಳ ಪೂರಾ ಒಂದು ಸಲ ಕಣ್ಣಲ್ಲೇ ಅಳೆದು ಕೇಳಿದಳು, "ಇಷ್ಟು ಕಲ್ಲ ಒಡದ್ರಲ್ಲ ತಮ್ಮಾ, ಅದನ್ನ ಹೊತ್ತು ಮ್ಯಾಲ ಹಾಕಿದವ್ರು ಯಾರು? ಅವರ ಹೆಸರು ಬರದಾರೇನು ಬೋರ್ಡಿನ್ಯಾಗ?"

ಬರೆದಿರಲಿಲ್ಲ. ಬುಟ್ಟಿ ಹೊತ್ತವಳು ನೋಡೋದೇ ಬೇರೆ. ನಾವು ಇರೋ ಕಂಬ ನೋಡ್ತೀವಿ, ಅವಳು ಇಲ್ಲದ ಕಲ್ಲನ್ನ ನೋಡಿದಳು. ನೋಟ್‌ಬುಕ್ಕಿನಲ್ಲಿ ಅವತ್ತಿನ ತಾರೀಖು ಹಾಕಿ ಆ ಪ್ರಶ್ನೆಯನ್ನ ಹಂಗೇ ಬರೆದಿಟ್ಟಿದ್ದೀನಿ.

ಇನ್ನು ವಿಜಾಪುರದವರು ಯಾರಾದ್ರೂ ಇದ್ದೀರಾ? ಕೈ ಎತ್ರಿ. ನಾಲ್ಕು ಜನ. ಈಗ ಹೇಳೋದು ನಿಮಗೆ. (ನಗು)

1630ರ ಸುಮಾರಿಗೆ ಪುಣೆ ಶಹಾಜಿ ಭೋಸ್ಲೆ ಜಹಗೀರು. ಶಹಾಜಿಗೂ ಆದಿಲ್‌ಶಾಹಿಗೂ ಕೆಟ್ಟಿತ್ತು. ವಿಜಾಪುರದಿಂದ ಮುರಾರ ಜಗದೇವ ಅನ್ನೋ ಸರದಾರ ದಂಡು ತಂದು ಪುಣೆಯನ್ನ ಸುಟ್ಟ. ಸುಟ್ಟಿದ್ದು ಸಾಲದು ಅಂತ ಕತ್ತೆಗೆ ನೇಗಿಲು ಕಟ್ಟಿ ಊರನ್ನ ಉಳಿಸಿದ, ಕಬ್ಬಿಣದ ಹಾರೆ ನಡೆಸಿ ಅದಕ್ಕೆ ಹರಿದ ಚಪ್ಪಲಿ ಕಟ್ಟಿಸಿದ, ಇನ್ನು ಇಲ್ಲಿ ದೀಪ ಹಚ್ಚಬಾರದು ಅಂತ, ಹೀಗೆ ಹೇಳ್ತಾರೆ. ಆಮೇಲೆ ಶಹಾಜಿ ಆದಿಲ್‌ಶಾಹಿ ಕೆಲಸಕ್ಕೇ ಸೇರಿದ. ಜಹಗೀರು ವಾಪಸು ಸಿಕ್ಕಿತು, ಜಿಜಾಬಾಯಿ ಮಗ ಶಿವಾಜಿಯನ್ನ ಕರ್ಕೊಂಡು ಈ ಹಾಳೂರಿಗೆ ಬಂದಳು. ಚಿನ್ನದ ನೇಗಿಲಿನಿಂದ ಅದೇ ನೆಲವನ್ನ ಉತ್ತರು ಅನ್ನೋದು ಇಲ್ಲಿ ಎಲ್ಲಾ ಮಕ್ಕಳಿಗೂ ಗೊತ್ತಿರೋ ಕಥೆ. ಕಸಬಾ ಗಣಪತಿ ಗುಡಿ ಆ ಕಾಲದ್ದು.

ಹೆಂಡತಿ ಮಗ ಪುಣೆಯಲ್ಲಿ, ಹಂಗಾದ್ರೆ ಶಹಾಜಿ ಎಲ್ಲಿ? ಬೆಂಗಳೂರಲ್ಲಿ! 1638ರಲ್ಲಿ ಆದಿಲ್‌ಶಾಹಿ ದಂಡು ಬೆಂಗಳೂರನ್ನ ಕೆಂಪೇಗೌಡರ ವಂಶದವರಿಂದ ತಗೊಂಡಿತು, ಅದು ಶಹಾಜಿಗೆ ಜಹಗೀರಾಯ್ತು. ಅಂದ್ರೆ ಪುಣೆ ಮತ್ತು ಬೆಂಗಳೂರು ಎರಡೂ ಒಬ್ಬನೇ ಮನುಷ್ಯನ ಕೈಯಲ್ಲಿ. ನಿಮ್ಮಲ್ಲಿ ಎಷ್ಟೋ ಜನರ ಮ್ಯಾನೇಜರ್ ಬೆಂಗಳೂರಲ್ಲಿ, ಟೀಮು ಪುಣೆಯಲ್ಲಿ ಇರೋದಿಲ್ವಾ, ಹಂಗೇ. ಕೊನೆಗೆ ಬೆಂಗಳೂರನ್ನ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ಕೊಟ್ಟು ಕೊಂಡ್ರು, 1687ರ ಹೊತ್ತಿಗೆ. ಶಹಾಜಿ ತೀರಿಕೊಂಡಿದ್ದು 1664ರಲ್ಲಿ, ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು. ಸಮಾಧಿ ಇರೋದು ಈಗಿನ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ದಾವಣಗೆರೆಯ ಒಬ್ಬ ಸರ್‌ಗೆ ಇದನ್ನ ಹೇಳಿದೆ. "ನಮ್ಮ ಅತ್ತೆ ಮನೆಯಿಂದ ಸ್ವಲ್ಪ ದೂರ ಕಣ್ರೀ ಅದು, ಒಂದು ಸಲನೂ ನೋಡಿಲ್ಲ" ಅಂದ್ರು. ನೋಡಿ ಬಂದು ಫೋಟೊ ಕಳಿಸಿದ್ರು. ಅವರಿಗೆ ಪುಣ್ಯ ಬರಲಿ.

ಈಗ ನೀರಿನ ಕಥೆ. ಇದು ನನಗೆ ಬಹಳ ಹತ್ತಿರದ್ದು.

ಖಡಕವಾಸ್ಲಾಕ್ಕೆ ಶನಿವಾರ ಭಾನುವಾರ ನೀವೆಲ್ಲಾ ಹೋಗ್ತೀರಿ, ಜೋಳದ ತೆನೆ ಸುಟ್ಟದ್ದು, ಕಾಂದಾ ಭಜಿ, ಸೆಲ್ಫಿ. ಬ್ರಿಟಿಷರ ಕಾಲದ ಅಣೆಕಟ್ಟು ಅದು. ಮಳೆಗಾಲದಲ್ಲಿ ತುಂಬಿದ ಮೇಲೆ ನೀರು ಕೋಡಿ ಹರಿದು ಹೋಗ್ತಿತ್ತು, ಬೇಸಿಗೆಗೆ ಸಾಲ್ತಿರಲಿಲ್ಲ. ಗೋಡೆ ಎತ್ತರಿಸೋಕೆ ಬಹಳ ಖರ್ಚು. ಆಗ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಒಬ್ಬ ಎಂಜಿನಿಯರ್ ಸ್ವಯಂಚಾಲಿತ ಗೇಟು ಯೋಚಿಸಿದ್ರು. ಕೋಡಿಯ ಮೇಲೆ ಗೇಟು, ನೀರು ಒಂದು ಮಟ್ಟ ಮುಟ್ಟೋ ತನಕ ಮುಚ್ಚಿರುತ್ತೆ, ದಾಟಿದ ಕೂಡಲೇ ತಾನಾಗಿ ತೆರೆಯುತ್ತೆ, ಇಳಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತೆ. ಮನುಷ್ಯ ನಿಲ್ಲೋ ಹಂಗಿಲ್ಲ. 1903ರಲ್ಲಿ ಮೊದಲ ಸಲ ಹಾಕಿದ್ದು ಇದೇ ಖಡಕವಾಸ್ಲಾದಲ್ಲಿ. ಆ ಎಂಜಿನಿಯರ್ ಯಾರು? ಹೌದು, ಸರ್ ಎಂ. ವಿಶ್ವೇಶ್ವರಯ್ಯನವರು. ಕೆ.ಆರ್.ಎಸ್. ಆಮೇಲಿನ ಮಾತು.

ಅವರು ಓದಿದ್ದೂ ಇಲ್ಲೇ. ಮುದ್ದೇನಹಳ್ಳಿಯ ಹುಡುಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದ್ರು. ಈಗ ಅದೇ ಶಿವಾಜಿನಗರದ ಸಿ.ಒ.ಇ.ಪಿ. 1883ರಲ್ಲಿ ಪಾಸಾದ್ರು, ಮೊದಲ ಸ್ಥಾನ. ಪುಣೆಗೆ ಎಂಜಿನಿಯರಿಂಗ್‌ಗೆ ಬಂದ ಕನ್ನಡದವರ ಲೈನಿನಲ್ಲಿ ನೀವು ಎಷ್ಟು ಹಿಂದೆ ನಿಂತಿದ್ದೀರಿ ನೋಡ್ರಿ.

ಅದೇ ನೀರು ಇನ್ನೊಂದು ಮುಖ ತೋರಿಸಿತು. 1961ರ ಜುಲೈ 12. ಮೇಲಿನ ಪಾನಶೇತ್ ಅಣೆಕಟ್ಟು ಹೊಸದು, ಕೆಲಸ ಪೂರ್ತಿ ಮುಗಿದಿರಲಿಲ್ಲ, ಮಳೆಗಾಲದ ನೀರು ತುಂಬಿಸಿದ್ರು. ಬೆಳಿಗ್ಗೆ ಒಡೀತು. ಆ ನೀರು ಖಡಕವಾಸ್ಲಾದ ಮೇಲೆ ಬಿತ್ತು, ಅದೂ ಒಡೀತು. ಮುಠಾ ನದಿ ಪೇಠೆಗಳ ಒಳಗೆ ನುಗ್ಗಿತು. ಸೇತುವೆಗಳೇ ಮುಳುಗಿದವು. ನಾರಾಯಣ ಪೇಠೆ, ಶನಿವಾರ ಪೇಠೆ, ಕಸಬಾ, ಸಾವಿರಾರು ಮನೆ ಹೋದವು.

ನಾರಾಯಣ ಪೇಠೆಯಿಂದ ಡಯಾಲಿಸಿಸ್‌ಗೆ ಒಬ್ಬ ಆಜೋಬಾ ವಾರಕ್ಕೆ ಎರಡು ಸಲ ನನ್ನ ಗಾಡಿಯಲ್ಲೇ ಬರ್ತಿದ್ರು. ಬಹಳ ದಿನ ಮಾತಿಲ್ಲ. ಒಂದು ದಿನ ಲಕ್ಡೀ ಪೂಲ್ ದಾಟುವಾಗ, ನದಿ ತುಂಬಿತ್ತು, ತಾವಾಗೇ ಶುರು ಮಾಡಿದ್ರು. ಆಗ ಅವರು ಶಾಲೆ ಹುಡುಗ. ತಾಯಿ ಒಲೆ ಮೇಲೆ ಅನ್ನ ಇಟ್ಟಿದ್ಲು, ಅನ್ನದ ಪಾತ್ರೆ ಬಿಡಲಿಲ್ಲ, ಅದನ್ನೇ ಹಿಡ್ಕೊಂಡು ಮಕ್ಕಳನ್ನ ಎಳ್ಕೊಂಡು ಎತ್ತರಕ್ಕೆ ಓಡಿದ್ಲು. ಮಾರನೇ ದಿನ ಆ ಪಾತ್ರೆಯೊಂದೇ ಮನೆಯಿಂದ ಉಳಿದ ಸಾಮಾನು. "ಅಜೂನ್ ಆಹೇ" ಅಂದ್ರು, ಇನ್ನೂ ಇದೆ. ಊರಿಗೆ ಎಷ್ಟೋ ದಿನ ನಲ್ಲಿ ನೀರಿರಲಿಲ್ಲ, ನೀರಲ್ಲಿ ಮುಳುಗಿದ ಊರಿಗೆ ಕುಡಿಯೋಕೆ ನೀರಿಲ್ಲ. ಮನೆ ಕಳ್ಕೊಂಡವರನ್ನ ಗೋಖಲೆನಗರದಂಥ ಕಡೆ ಕೂರಿಸಿದ್ರು. ನೀವು ಸೇನಾಪತಿ ಬಾಪಟ್ ರೋಡಿನ ಆಫೀಸಿಗೆ ಹೋಗುವಾಗ ಪಕ್ಕದಲ್ಲೇ ಸಿಗುತ್ತಲ್ಲ, ಅದೇ. ಆಜೋಬಾ ಈಗಿಲ್ಲ. ಬುಕಿಂಗ್ ಬರೋದು ನಿಂತಿತು, ಹಂಗೆ ಗೊತ್ತಾಯ್ತು. ಡ್ರೈವರ್‌ಗೆ ಸುದ್ದಿ ತಲುಪೋದು ಹಂಗೇ.

ಕನ್ನಡದವರ ಪಟ್ಟಿ ಇನ್ನೂ ಇದೆ, ಬೇಗ ಹೇಳ್ತೀನಿ. ಬೇಂದ್ರೆಯವರು ಬಿ.ಎ. ಓದಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ ಮುಗಿಸಿದ್ರು. ಖಡಕಿಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ ಫ್ಯಾಕ್ಟರಿ 1946ರದ್ದು. ಆ ಮನೆತನದ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ, ಮೊದಲು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಲಾ ಕಾಲೇಜ್ ರೋಡಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ 1974-75ರಲ್ಲಿ ಗಿರೀಶ್ ಕಾರ್ನಾಡರು ನಿರ್ದೇಶಕರು. ಆ ಜಾಗ ಮೊದಲು ಪ್ರಭಾತ್ ಸ್ಟುಡಿಯೋ. 1939ರಲ್ಲಿ ಅಲ್ಲಿ ಶಾಂತಾರಾಮ್ 'ಮಾಣೂಸ್' ತೆಗೆದ್ರು, ಅದರ ನಾಯಕಿ ಶಾಂತಾ ಹುಬ್ಳೀಕರ್, ಹೆಸರಲ್ಲೇ ಊರಿದೆ.

ಇನ್ನು ನಿಮ್ಮದೇ ಲೈನು. ಇನ್ಫೋಸಿಸ್ ಅಂದ್ರೆ ಬೆಂಗಳೂರು ಅಂತೀವಿ. ಆದ್ರೆ ಅದು ಹುಟ್ಟಿದ್ದು ಪುಣೆಯಲ್ಲಿ, 1981ರಲ್ಲಿ, ಏಳು ಜನ ಎಂಜಿನಿಯರ್‌ಗಳು. 1983ರಲ್ಲಿ ಬೆಂಗಳೂರಿಗೆ ಹೋಯ್ತು. ಸುಧಾ ಮೂರ್ತಿಯವರು ಅದಕ್ಕೂ ಮೊದಲೇ ಪುಣೆ ಟೆಲ್ಕೋದಲ್ಲಿ ಎಂಜಿನಿಯರ್. ನೀವು ಬೆಂಗಳೂರು ಬಿಟ್ಟು ಪುಣೆಗೆ ಬಂದ್ರಿ, ಕಂಪನಿ ಪುಣೆ ಬಿಟ್ಟು ಬೆಂಗಳೂರಿಗೆ ಹೋಯ್ತು. ಕಾತ್ರಜ್ ಘಾಟಿನಲ್ಲಿ ಎದುರುಬದುರು ಸಿಕ್ಕಿರಬೇಕು. (ನಗು)

ಆದ್ರೆ ಇವರೆಲ್ಲರಿಗಿಂತ ನನಗೆ ಬೇಕಾದವರು ಭೀಮಸೇನ ಜೋಶಿ. ಗದಗಿನ ಹುಡುಗ, ಗುರು ಹುಡುಕ್ಕೊಂಡು ಮನೆ ಬಿಟ್ಟು ರೈಲು ಹತ್ತಿದವರು, ಊರೂರು ಅಲೆದು ಕೊನೆಗೆ ಗುರು ಸಿಕ್ಕಿದ್ದು ಮನೆ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಆ ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುವಾದ ಉತ್ಸವ ಇವತ್ತಿಗೂ ಡಿಸೆಂಬರ್ ಚಳಿಯಲ್ಲಿ ನಡೆಯುತ್ತೆ. ಪುಣೆಯವರಿಗೆ ಅದು ದೊಡ್ಡ ಹಬ್ಬ, ಹೆಸರು ಮಾತ್ರ ನಮ್ಮ ಧಾರವಾಡ ಕಡೆಯವರದ್ದು. ಮತ್ತೆ ಭೀಮಸೇನ ಜೋಶಿಯವರಿಗೆ ಗಾಡಿ ಹುಚ್ಚು ರೀ! ಕಚೇರಿಗೆ ನೂರಾರು ಕಿಲೋಮೀಟರ್ ತಾವೇ ಡ್ರೈವ್ ಮಾಡ್ಕೊಂಡು ಹೋಗೋರು, ಕೆಟ್ಟರೆ ತಾವೇ ಬಾನೆಟ್ ಎತ್ತೋರು. ಭಾರತರತ್ನ ಸಿಕ್ಕ ಡ್ರೈವರ್ ಅಂತ ನಾವು ಸ್ಟ್ಯಾಂಡಿನಲ್ಲಿ ತಮಾಷೆ ಮಾಡ್ತೀವಿ, ಭಕ್ತಿಯಿಂದಲೇ.

ಇದು ಬರೀ ತಮಾಷೆ ಅಲ್ಲ ಅಂತ ಒಂದು ದಿನ ಗೊತ್ತಾಯ್ತು. 2022ರ ಡಿಸೆಂಬರ್. ಗಡಿ ಗಲಾಟೆ ನಿಮಗೆ ನೆನಪಿರಬೇಕು, ಬೆಳಗಾವಿ ಕಡೆ ಮಹಾರಾಷ್ಟ್ರದ ಗಾಡಿಗಳಿಗೆ ಕಲ್ಲು, ಇಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ನನ್ನ ಗಾಡಿ ಎಂ.ಎಚ್. ನಂಬರಿಂದು, ಆದ್ರೆ ಕನ್ನಡಿಗೆ ಶರಣಬಸವೇಶ್ವರರ ಚಿತ್ರ ತೂಗು ಹಾಕಿದ್ದೀನಿ, ಕೆಳಗೆ ಕನ್ನಡ ಅಕ್ಷರ. ಹೆಂಡತಿ ಅವತ್ತು ಬೆಳಿಗ್ಗೆ "ಅದನ್ನ ತಗದಿಡ್ರಿ ನಾಕು ದಿನ" ಅಂದಳು. ನಾನು ತಗೀಲಿಲ್ಲ. ಧೈರ್ಯ ಅಂತ ತಿಳ್ಕೋಬೇಡ್ರಿ, ತೆಗೆದ್ರೆ ಮತ್ತೆ ಹಾಕೋಕೆ ನಾಚಿಕೆ ಆಗ್ತಿತ್ತು.

ರಾತ್ರಿ ಹತ್ತರ ಮೇಲೆ ಕೋಥ್ರೂಡಿಗೆ ಒಬ್ಬ ಯಜಮಾನರು ಹತ್ತಿದ್ರು. ಐವತ್ತೈದು ವಯಸ್ಸಿರಬಹುದು, ಶಾಲು, ಒಳ್ಳೇ ಮನೆತನದವರು. ಅಕ್ಷರ ನೋಡಿದ್ರು. "ಕಾನಡಿ ಕಾ?" ಅಂದ್ರು. ಹೌದು ಅಂದೆ. ಆಮೇಲೆ ಅರ್ಧ ದಾರಿ ಬೈಗುಳ. ನನ್ನನ್ನಲ್ಲ, ಸರ್ಕಾರ, ಬೆಳಗಾವಿ, ನಿಮ್ಮ ಜನ, ನಿಮ್ಮ ಜನ ಅಂತ. ಸ್ಟೀರಿಂಗ್ ಹಿಡಿದವನು ಉತ್ತರ ಕೊಡಬಾರದು, ಅದು ನಮ್ಮ ಕಸುಬಿನ ಪಾಠ. ಸ್ಟಾರ್ ಅವರ ಕೈಯಲ್ಲಿರುತ್ತೆ. ಕರ್ವೆ ರೋಡಿನ ಸಿಗ್ನಲ್‌ನಲ್ಲಿ ಸ್ವಲ್ಪ ಸುಮ್ಮನಾದ್ರು. ನಾನು ಮರಾಠಿಯಲ್ಲಿ ಇಷ್ಟೇ ಕೇಳಿದೆ: "ಸರ್, ಈ ವರ್ಷ ಸವಾಯಿಗೆ ಹೋಗ್ತೀರಾ?"

"ಇಪ್ಪತ್ತೆಂಟು ವರ್ಷದಿಂದ ಒಂದೂ ತಪ್ಪಿಸಿಲ್ಲ" ಅಂದ್ರು. ದನಿ ಬೇರೆಯಾಯ್ತು. ಅವರ ಊರು ಕುಂದಗೋಳ ಅಲ್ವಾ ಸರ್, ಅಂದೆ. ಪಂಡಿತಜೀದು ಗದಗ. ಅವರು ಏನೂ ಹೇಳಲಿಲ್ಲ. ಇಳಿಯುವಾಗ ಮಾತ್ರ "ಪಂಡಿತಜೀ ನಮ್ಮವರು" ಅಂದ್ರು, ಸ್ವಲ್ಪ ಜೋರಾಗೇ. ಹೌದು ಸರ್, ನಮ್ಮವರೂ ಹೌದು, ಅಂದೆ. ಬಾಗಿಲು ಮೆಲ್ಲಗೆ ಹಾಕಿದ್ರು. ನಾಲ್ಕು ಸ್ಟಾರ್ ಕೊಟ್ರು. ಒಂದು ಯಾಕೆ ಕಡಿಮೆ ಮಾಡಿದ್ರೋ, ಬೆಳಗಾವಿಗೆ ಇರಬೇಕು. (ನಗು, ಚಪ್ಪಾಳೆ)

ನಕ್ಕಿದ್ದು ಸಾಕು ರೀ. ಅವತ್ತು ಮನೆಗೆ ಹೋಗೋ ತನಕ ನನ್ನ ಕೈ ನಡುಗ್ತಿತ್ತು. ನನಗೆ ಬೇರೆ ಊರಿಲ್ಲ. ನಿಮಗೆ ಬೇಡ ಅನ್ನಿಸಿದ್ರೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಕೇಳಬಹುದು, ಹೈದರಾಬಾದ್, ಕೆನಡಾ. ಸೇಡಂನಲ್ಲಿ ನನಗಿರೋದು ಎರಡು ಎಕರೆ ಒಣಭೂಮಿ, ಅದೂ ನಾಲ್ಕು ಜನ ಅಣ್ಣತಮ್ಮಂದಿರಲ್ಲಿ. ಮಗಳು ಇಲ್ಲಿ ಹುಟ್ಟಿದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಇಲ್ಲಿ ನಾಲ್ಕನೇ ಕ್ಲಾಸಿನ ಇತಿಹಾಸದ ಪುಸ್ತಕ ಪೂರ್ತಿ ಶಿವಾಜಿ ಮಹಾರಾಜರದ್ದು. ಅದನ್ನ ಓದ್ತಾ "ಪಪ್ಪಾ, ಇದರಾಗ ನಮ್ಮವರು ವೈರಿ ಕಡಿ ಅದಾರೇನು?" ಅಂತ ಕೇಳಿದಳು. ವಿಜಾಪುರ, ಆದಿಲ್‌ಶಾಹಿ ಅಂತ ಬರುತ್ತಲ್ಲ, ಅದಕ್ಕೆ. ಆ ನೋಟ್‌ಬುಕ್ಕು ತೆಗೆದು ಶಹಾಜಿದು, ಬೆಂಗಳೂರಿದು, ಹೊದಿಗೆರೆಯದು, ಎಲ್ಲಾ ತೋರಿಸಿದೆ. ದಾವಣಗೆರೆ ಸರ್ ಕಳಿಸಿದ ಫೋಟೊನೂ ತೋರಿಸಿದೆ. ಅವಳು ಅದನ್ನ ಶಾಲೆಗೆ ತಗೊಂಡು ಹೋದಳು. ಶಿಕ್ಷಕಿ ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ ಹೇಳಿಸಿದ್ರಂತೆ. ಆ ನೋಟ್‌ಬುಕ್ಕಿನಿಂದ ನನಗೆ ಸಿಕ್ಕ ಸಂಪಾದನೆ ಅಂದ್ರೆ ಅದೇ. ಆ್ಯಪ್‌ನವರು ಇದಕ್ಕೆ ದುಡ್ಡು ಕೊಡಲ್ಲ.

ಒಂದೇ ಬೇಜಾರು. ನಾನು ಬರೆದಿಟ್ಟ ಜಾಗಗಳು ನಾನು ನೋಡ್ತಿದ್ದಂಗೇ ಹೋಗ್ತಿವೆ. ಬುಧವಾರ ಪೇಠೆಯ ಭಿಡೇ ವಾಡಾ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದ ಮನೆ, ದಗಡೂಶೇಟ್ ಎದುರಿಗೇ. ವರ್ಷಗಟ್ಟಲೆ ಕೋರ್ಟಿನಲ್ಲಿತ್ತು, 2023ರ ಡಿಸೆಂಬರಿನಲ್ಲಿ ರಾತ್ರಿ ಕೆಡವಿದ್ರು. ಸ್ಮಾರಕ ಕಟ್ಟೋಕೇ ಕೆಡವಿದ್ದು, ಸರಿ. ಮಾರನೇ ದಿನ ಆ ಕಡೆ ಟ್ರಿಪ್ ಇತ್ತು, ಹಿಂದೆ ಕೂತ ಹುಡುಗಿ ಯಾವುದೋ ಕಾಲೇಜಿನವಳು, ಫೋನಿನಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮಾತಾಡ್ತಿದ್ಲು. ಮಣ್ಣಿನ ಗುಡ್ಡೆ ಪಕ್ಕ ದಾಟಿದ್ವಿ. ಹೇಳಬೇಕು ಅನ್ನಿಸಿತು. ಅವಳ ಫೋನು ಮುಗಿಯಲಿ ಅಂತ ಕಾದೆ, ಅಷ್ಟರಲ್ಲಿ ಡ್ರಾಪ್ ಬಂತು.

ಅದಕ್ಕೇ ಈಗ ಕಾಯಲ್ಲ, ಹೇಳಿಬಿಡ್ತೀನಿ. ಬೇಡದವರು ಇಯರ್‌ಫೋನ್ ಹಾಕ್ಕೊಳ್ಳಿ, ನನಗೆ ಬೇಜಾರಿಲ್ಲ.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಟ್ರಿಪ್ ತಗೊಳಲ್ಲ. ಪಾತಾಳೇಶ್ವರದಿಂದ ಶುರು ಮಾಡಿ, ನದಿ ದಾಟಿ ಶನಿವಾರ ವಾಡಾ, ಕಸಬಾ ಗಣಪತಿ, ಆಮೇಲೆ ಜಿಲ್ಬಿ ಇಲ್ಲದ ಜಿಲಬ್ಯಾ ಮಾರುತಿ. ನಡೆದೇ ಹೋಗೋದು, ಮೂರು ತಾಸು ಆಗುತ್ತೆ. ದುಡ್ಡೇನಿಲ್ಲ, ಕೊನೆಗೆ ಒಂದು ಮಿಸಳ್ ಕೊಡಿಸಿದ್ರೆ ಬೇಡ ಅನ್ನಲ್ಲ. ಅವ್ವನೂ ಕೆಲವು ಸಲ ಬರ್ತಾಳೆ. ಅವಳ ಮುಂದೆ ಕಲ್ಲಿನ ಬಗ್ಗೆ ಸುಳ್ಳು ಹೇಳೋಕಾಗಲ್ಲ, ಜೋಕೆ. ಬರೋರು ಏಳೂವರೆಗೆ ಜೆ.ಎಂ. ರೋಡಿನಲ್ಲಿ ಇರ್ರಿ. ಕಾರು ತರಬೇಡ್ರಿ, ಒಂಬತ್ತಾದ್ರೆ ಅಲ್ಲಿ ಪಾರ್ಕಿಂಗ್ ಸಿಗಲ್ಲ. ಬೇಕಾದ್ರೆ ಕ್ಯಾಬ್ ಮಾಡ್ಕೊಂಡು ಬರ್ರಿ.